ಆಸ್ನ ಅಂದ್ರೆ ಯೋಗಾಸನ ಅಲ್ಲ ಕಣವ್ವ

"ದಯವಿಟ್ಟು ನಿಮ್ಮ ಜಿಲ್ಲೆಯ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿ" ಅಂತು ಹೆಲ್ಪ್‌ಲೈನ್ ಫೋನು. ನಮ್ಮ ದೊಡ್ಡವ್ವ ಸ್ಪಷ್ಟವಾಗೇ ಉಚ್ಚರಿಸಿದ್ಲು. "ಆಸ್ನ." ಹಾಸನ ಕಣ್ರೀ, ನಮ್ ಕಡೆ ಮಾತಲ್ಲಿ ಹಕಾರ ಬಿಟ್ಟೋಗುತ್ತೆ.

"ಕ್ಷಮಿಸಿ, ನಿಮ್ಮ ಉತ್ತರ ನಮಗೆ ಅರ್ಥವಾಗಲಿಲ್ಲ."

ಮುಂದಿನ ಕಥೆ ನಿಮ್ಮನೇಲೂ ನಡೆದಿರುತ್ತೆ, ಪೂರ್ತಿ ಹೇಳೋದು ಬೇಡ. ಮೊದಲು ಒಂದು ಒತ್ತಿ ಎರಡು ಒತ್ತಿ ಅಂತಿದ್ರು, ಒತ್ತೀ ಒತ್ತೀ ಕೊನೆಗೆ ಒಂಬತ್ತು ಒತ್ತಿದ್ರೆ ಒಬ್ಬ ಮನುಷ್ಯ ಆಕಳಿಸ್ತಾ ಫೋನ್ ಎತ್ತೋನು, ಬೈದ್ರೂ ಕನ್ನಡದಲ್ಲೇ ಬೈಯೋನು. ಈಗ ಎಐ ಬಂದಿದೆ, ಒತ್ತೋ ಕಷ್ಟನೇ ಬೇಡ, ಬರೀ ಬಾಯಲ್ಲಿ ಹೇಳಿದ್ರೆ ಸಾಕಂತೆ. ದೊಡ್ಡವ್ವ ಹದಿನೈದು ನಿಮಿಷ ಬಾಯಲ್ಲಿ ಹೇಳಿದ್ಲು. ಆ ಕಡೆಯಿಂದ ಹೆಣ್ಣುಮಗಳ ದನಿ ಬರ್ತಿದ್ದಿದ್ದಕ್ಕೆ ಮಧ್ಯದಲ್ಲಿ "ನೀನು ಯಾವೂರವ್ವ, ಊಟ ಆಯ್ತಾ" ಅಂತಾನೂ ಕೇಳಿದ್ಲು. ಅದಕ್ಕೂ ಕ್ಷಮಿಸಿ ಅಂತು. "ಹೌದು ಅಥವಾ ಇಲ್ಲ ಎಂದು ಹೇಳಿ" ಅಂದಾಗ ಇವಳು "ಊ ಕಣವ್ವ" ಅಂದ್ಲು. ನಮ್ ಕಡೆ ಇದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ, ಮದುವೆ ಮಾತುಕತೆಗಳೇ "ಊ ಕಣ"ದಲ್ಲಿ ಮುಗಿದಿವೆ. ಲೈನ್ ಕಟ್ ಆಯ್ತು.

ನಾನು ಪರೀಕ್ಷೆ ಮಾಡಣ ಅಂತ ನನ್ನ ಮೊಬೈಲಿಗೆ ಆಸ್ನ ಅಂದೆ. ಪದ್ಮಾಸನ, ವಜ್ರಾಸನ, ಶವಾಸನದ ವಿಡಿಯೋ ತಂದು ಕೊಡ್ತು. ಆಲಿನ ರೇಟು ಅಂದೆ, ಆಲೂಗಡ್ಡೆ ರೇಟು ಹುಡುಕ್ತು. ಈ ಜಿಲ್ಲೇಲಿ ಹಾಲೂ ಕರೀತೀವಿ ಆಲೂಗಡ್ಡೇನೂ ಬೆಳೀತೀವಿ, ಹಾಗಾಗಿ ಇದನ್ನ ಪೂರ್ತಿ ತಪ್ಪು ಅನ್ನೋಕಾಗಲ್ಲ, ಅರ್ಧ ಮಾರ್ಕ್ಸ್ ಕೊಡಬಹುದು.

ಮಾತು ಗುರುತಿಸೋ ಈ ವಿದ್ಯೆಗೆ ಅಂತಾನೇ ಜಗತ್ತಿಗೆಲ್ಲ ಒಂದು ಸಂಘ ಇದೆ ಗೊತ್ತಾ, ಇಂಟರ್‌ನ್ಯಾಷನಲ್ ಸ್ಪೀಚ್ ಕಮ್ಯುನಿಕೇಶನ್ ಅಸೋಸಿಯೇಶನ್ ಅಂತ, ಚಿಕ್ಕದಾಗಿ ಇಸ್ಕಾ. 1988ರಲ್ಲಿ ಶುರುವಾದಾಗ ಬರೀ ಯುರೋಪಿನ ಸಂಘ, ಎಸ್ಕಾ ಅಂತಿತ್ತು. 1999ರಲ್ಲಿ ಮೊದಲನೇ ಅಕ್ಷರ ಒಂದನ್ನ ಬದಲಾಯಿಸಿ ಅಂತಾರಾಷ್ಟ್ರೀಯ ಆಗ್ಬಿಟ್ರು. ಬೋರ್ಡ್ ಬರೆಯೋನಿಗೆ ಎಷ್ಟು ಕಮ್ಮಿ ಕೂಲಿ ನೋಡಿ. ನಮ್ಮಲ್ಲಿ ತಾಲ್ಲೂಕು ಸಂಘ ಜಿಲ್ಲಾ ಸಂಘ ಆಗ್ಬೇಕಂದ್ರೆ ಎರಡು ಬಣ ಆಗಿ, ಒಂದು ಕೇಸ್ ಬಿದ್ದು, ಬೈಲಾ ಇಟ್ಟಿದ್ದ ಬೀರು ಕೀ ಕಳೆದು, ಅಷ್ಟರಲ್ಲಿ ಅಧ್ಯಕ್ಷರೇ ತೀರ್ಕೊಂಡಿರ್ತಾರೆ.

ಹೆಸರು ಮಾತ್ರ ನಮ್ ಸೀಮೆಗೆ ಹೇಳಿ ಮಾಡಿಸಿದಂಗಿದೆ. ಅಂಗಡಿಲಿ ಚಿಲ್ಲರೆ ಇಸ್ಕ, ಪಕ್ಕದ್ಮನೇಲಿ ಹೆಪ್ಪಿಗೆ ಮೊಸರು ಇಸ್ಕ ಅಂತೀವಲ್ಲ, ಅದೇ ಇಸ್ಕ. ಇಸ್ಕಂಡಿದ್ದನ್ನ ವಾಪಸ್ ಕೊಡ್ತಾರಾ ಅಂತ ಕೇಳ್ಬೇಡಿ, ನ್ಯಾಯವಾಗಿ ಹೇಳ್ತೀನಿ, ಅವರ ಪ್ರಬಂಧಗಳ ಭಂಡಾರ ಪೂರ್ತಿ ಪುಕ್ಕಟೆ ಓದೋಕೆ ಇಟ್ಟಿದ್ದಾರೆ. ದೊಡ್ಡವ್ವ ಇನ್ನೂ ಓದಿಲ್ಲ, ಅದು ಅವಳ ತಪ್ಪು.

ಪ್ರತಿ ವರ್ಷ ಇವರದ್ದೊಂದು ಸಮ್ಮೇಳನದ ಜಾತ್ರೆ, ಹೆಸರು ಇಂಟರ್‌ಸ್ಪೀಚ್. 2023ರಲ್ಲಿ ಡಬ್ಲಿನ್, ಆಮೇಲೆ ಗ್ರೀಸಿನ ಕೋಸ್ ದ್ವೀಪ, 2025ರಲ್ಲಿ ರಾಟರ್‌ಡ್ಯಾಮ್. ಡಬ್ಲಿನ್‌ನಲ್ಲಿ ಘೋಷಣೆ ಏನಪ್ಪಾ ಅಂದ್ರೆ ಎಲ್ಲರನ್ನೂ ಒಳಗೊಳ್ಳೋದು, ಅಡ್ಡಗೋಡೆ ಒಡೆಯೋದು. ರಾಟರ್‌ಡ್ಯಾಮ್‌ನಲ್ಲಿ ಮತ್ತೆ ಒಳಗೊಳ್ಳೋದು, ಜೊತೆಗೆ ನ್ಯಾಯ. ಅಂದ್ರೆ ಮೊದಲನೇ ಸಲ ಒಳಗೊಂಡಾಗ ಯಾರೋ ಹೊರಗೇ ಉಳಿದಿದ್ರು ಅಂತಾಯ್ತು. ನಮ್ ದೇಶಕ್ಕೂ ಬಂದಿತ್ತು, 2018ರಲ್ಲಿ ಹೈದರಾಬಾದಿಗೆ. ಆಗ ಘೋಷಣೇಲಿ ಬಹುಭಾಷಾ ಸಮಾಜದ ಉದಯೋನ್ಮುಖ ಮಾರುಕಟ್ಟೆಗಳು ಅಂತಿತ್ತು. ಡಬ್ಲಿನ್ನಿನೋರು ಸಮಾಜ, ನಾವು ಸಂತೆಪೇಟೆ.

ಆವತ್ತು ಸಂಪನ್ಮೂಲ, ಅಂದ್ರೆ ಮೆಷೀನಿಗೆ ಕಲಿಸೋಕೆ ಬೇಕಾದ ಮಾತಿನ ಡೇಟಾ, ಕಮ್ಮಿ ಇರೋ ಭಾರತೀಯ ಭಾಷೆಗಳಿಗೆ ಅಂತ ಒಂದು ಸ್ಪರ್ಧೆನೂ ಇಟ್ಟಿದ್ರು. ಇಂಗ್ಲಿಷಲ್ಲಿ ಲೋ ರಿಸೋರ್ಸ್, ನಮ್ ಭಾಷೇಲಿ ಬಿಪಿಎಲ್ ಕಾರ್ಡು. ತಮಿಳು, ತೆಲುಗು, ಗುಜರಾತಿ ಮೂರಕ್ಕೂ ಕಾರ್ಡ್ ಸಿಕ್ತು. ಕನ್ನಡಕ್ಕೆ ಅದೂ ಇಲ್ಲ. 2011ರ ಜನಗಣತಿ ಪ್ರಕಾರ 4.37 ಕೋಟಿ ಜನ ತಾಯ್ನುಡಿ ಅಂತ ಬರೆಸಿದ ಭಾಷೆ, ಬಡವರ ಪಟ್ಟೀಲೂ ವೇಟಿಂಗ್ ಲಿಸ್ಟು. ಅದೂ ಎಲ್ಲಿ, ಹಲ್ಮಿಡಿ ಇರೋ ಜಿಲ್ಲೆಯೋರು ಇದನ್ನ ಕೇಳಿಸ್ಕೋಬೇಕು. ಬೇಲೂರು ತಾಲ್ಲೂಕಲ್ಲಿ ಸುಮಾರು ಕ್ರಿ.ಶ. 450ರಲ್ಲೇ ಕಲ್ಲಿನ ಮೇಲೆ ಡೇಟಾ ಹಾಕಿಟ್ಟಿದೀವಿ ಸ್ವಾಮಿ, ಹದಿನಾರೇ ಸಾಲು, ಆದ್ರೆ ಇವತ್ತಿನವರೆಗೂ ಬ್ಯಾಕಪ್ ಕೇಳಿಲ್ಲ. ಹಾಂ, ಅದರಲ್ಲಿ ಸಂಸ್ಕೃತ ಜಾಸ್ತಿ. ನಮ್ ಹೆಲ್ಪ್‌ಲೈನಿನ ಹೆಣ್ಣುಮಗಳು ಅಲ್ಲಿಂದಲೇ ಕನ್ನಡ ಕಲಿತಿರಬೇಕು, ಉಚ್ಚರಿಸಿ, ನಿರೀಕ್ಷಿಸಿ, ದೃಢೀಕರಿಸಿ.

ಈ ಹಕಾರದ ವಿಷಯ ಇನ್ನೊಂದು ಸ್ವಲ್ಪ ಹೇಳ್ಬಿಡ್ತೀನಿ, ಹೊಟ್ಟೆ ಉರಿ. ಪಂಪನ ಕಾಲದಲ್ಲಿ ಹಾಲು ಅಂತಾನೇ ಇರಲಿಲ್ಲ, ಪಾಲ್ ಅಂತಿತ್ತು. ಹೂವು ಪೂ, ಹುಲಿ ಪುಲಿ, ಹೋಗು ಪೋಗು. ಆಮೇಲೆ ಜನ ಪಕಾರ ಬಿಟ್ಟು ಹಕಾರ ಹಿಡಿದ್ರು, ಆಗಲೂ ಯಾರೋ ಪಂಡಿತರು ಈ ಹಳ್ಳಿ ಮುಕ್ಕಗಳಿಗೆ ಪಾಲ್ ಅನ್ನೋಕೆ ಬರಲ್ಲ ಅಂತ ತಲೆ ಚಚ್ಕೊಂಡಿರ್ತಾರೆ. ಈಗ ಪಾಲು ಹಾಲಾಗಿ ಹಾಲು ಆಲಾಗಿದೆ, ಅಷ್ಟೇ. ದೊಡ್ಡವ್ವ ತಪ್ಪು ಮಾತಾಡ್ತಿಲ್ಲ, ಮೆಷೀನಿಗಿಂತ ಒಂದು ವರ್ಷನ್ ಮುಂದಿದ್ದಾಳೆ.

ಅಂದಹಾಗೆ ಮಾತು ಗುರುತಿಸೋ ಮೆಷೀನುಗಳ ಮಾರ್ಕ್ಸ್ ಕಾರ್ಡೂ ಮಜವಾಗಿದೆ. ವರ್ಡ್ ಎರರ್ ರೇಟ್ ಅಂತ. ತಪ್ಪಾಗಿ ಕೇಳಿಸ್ಕೊಂಡ ಪದ, ನುಂಗಿದ ಪದ, ತಾನೇ ಸೇರಿಸಿದ ಪದ ಎಲ್ಲ ಕೂಡಿಸಿ, ನಿಜವಾಗಿ ಹೇಳಿದ ಪದಗಳ ಲೆಕ್ಕದಿಂದ ಭಾಗಿಸ್ತಾರೆ. ತಾನೇ ಸೇರಿಸೋದಕ್ಕೆ ಮಿತಿ ಇಲ್ಲ ನೋಡಿ, ಹಾಗಾಗಿ ತಪ್ಪು ನೂರಕ್ಕೆ ನೂರನ್ನೂ ದಾಟಬಹುದು! ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಷ್ಟೇ ಪ್ರಯತ್ನಪಟ್ರೂ ನೂರಕ್ಕಿಂತ ಹೆಚ್ಚು ಕಳ್ಕೊಳ್ಳೋಕೆ ಆಗಿರಲಿಲ್ಲ. ಇನ್ನು "ಬಂದ್ಬಿಟ್ಟಿದ್ದಾನಂತಲ್ಲ" ಅನ್ನೋದು ನಮ್ಗೆ ಒಂದೇ ಪದ, ಬಾಲದಲ್ಲಿ ಒಂದಕ್ಷರ ಆಚೆ ಈಚೆ ಆದ್ರೂ ಇಡೀ ಪದ ಸೊನ್ನೆ.

ಕೆಲಸ ಮಾಡೋರು ಇಲ್ವಾ, ಇದ್ದಾರೆ. ಬೆಂಗಳೂರಿನ ಐಐಎಸ್‌ಸಿಯೋರು ರೆಸ್ಪಿನ್ ಅಂತ ಯೋಜನೆ ಮಾಡಿ ಕನ್ನಡ ಸೇರಿ ಒಂಬತ್ತು ಭಾಷೆಗಳಲ್ಲಿ ಕೃಷಿ, ಬ್ಯಾಂಕಿನ ಮಾತು ರೆಕಾರ್ಡ್ ಮಾಡಿದ್ದಾರೆ, ಆಡುಮಾತಿನ ವ್ಯತ್ಯಾಸಾನೂ ಲೆಕ್ಕಕ್ಕೆ ತಗೊಂಡಿದ್ದಾರೆ. ಕೈಮುಗಿತೀನಿ. ಆದ್ರೆ ಈ ವಿದ್ಯೆಗೆ ಸಿಗೋ ಡೇಟಾದಲ್ಲಿ ತುಂಬಾ ಭಾಗ ವಾಕ್ಯ ಕೊಟ್ಟು ಓದಿಸಿದ್ದು. ನಮ್ಮೋರ ಕೈಗೆ ಬರೆದ ವಾಕ್ಯ ಕೊಟ್ಟು ನೋಡಿ, ಎದ್ದು ನಿಂತು, ಶರ್ಟ್ ಸರಿ ಮಾಡ್ಕೊಂಡು, ಮೇಷ್ಟ್ರು ಮುಂದೆ ಓದೋ ಥರ ಎಲ್ಲಿ ಬಿಟ್ಟಿದ್ರೋ ಆ ಹಕಾರಾನೆಲ್ಲ ಹುಡುಕಿ ತಂದು ಜೋಡಿಸ್ತಾರೆ. ಮೆಷೀನ್ ಅದನ್ನ ಕೇಳಿ, ಓಹೋ ಹಾಸನದೋರು ಹೀಗೆ ಮಾತಾಡ್ತಾರೆ ಅಂದ್ಕೊಳ್ಳುತ್ತೆ.

ಇಷ್ಟೆಲ್ಲ ನಗೋದು ಸರಿ. ಎರಡು ತಿಂಗಳ ಪಿಂಚಣಿ ಬಂದಿಲ್ಲ ಅವಳಿಗೆ. ಯಾಕೆ ಬಂದಿಲ್ಲ ಅಂತ ಕೇಳೋಕೆ ಫೋನ್ ಮಾಡಿದ್ದು, ಆಸನ ಕಲಿಯೋಕಲ್ಲ. ಮೆಷೀನ್ ಇಡಿ, ಬೇಡ ಅಂದೋರ್ಯಾರು, ಆದ್ರೆ ಅದು ಸೋತಾಗ ಎತ್ತಿಕೊಳ್ಳೋಕೆ ಒಂದು ಮನುಷ್ಯನ್ನ ಇಡೋಕೆ ಏನು ರೋಗ. ಅವನ ಸಂಬಳ ಉಳಿಸಿದ್ದಕ್ಕೆ ಯಾರಿಗೋ ಪ್ರಮೋಷನ್ ಆಗಿರುತ್ತೆ. ಇಲ್ಲಿ ಎಪ್ಪತ್ತನಾಲ್ಕು ವರ್ಷದ ಹೆಂಗಸು ಮೊಮ್ಮಗನ ಮುಂದೆ ಕೂತು ಹ, ಹಾ, ಹಿ, ಹೀ ಪ್ರಾಕ್ಟೀಸ್ ಮಾಡ್ತಿದ್ದಾಳೆ, ತನ್ನ ಊರಿನ ಹೆಸರು ಹೇಳೋಕೆ. ನಂಗೆ ಸಾಕಾಗಿದೆ.

ಬೆಳಗ್ಗೆ ನೋಡ್ತೀನಿ, ಪ್ರಾಕ್ಟೀಸ್ ಜಾಸ್ತಿಯಾಗಿ "ಹಕ್ಕಿ ರೊಟ್ಟಿ ಮಾಡಿದೀನಿ, ತಿನ್ಕೊಂಡ್ ಹೋಗೋ" ಅಂತಿದ್ದಾಳೆ.

ನಾಳೆ ಏಳು ಗಂಟೆ ಬಸ್ಸಿಗೆ ಕರ್ಕೊಂಡು ಹೋಗ್ತಿದೀನಿ, ಆಫೀಸಿಗೇ. ಮೂರನೇ ಕಿಟಕೀಲಿ ಕೂರೋರು ಅರಕಲಗೂಡು ಕಡೆಯೋರು. ಓದ್ಸಲ ಹೋದಾಗ "ಆದಾರ್ ಕಾರ್ಡ್ ಐತಾ, ಅಳೇದೋ ಒಸದೋ" ಅಂದಿದ್ರು. ಕೆಲಸ ಆಗುತ್ತೆ.