ಮಿಡ್ ಗುಂಡಿಯನ್ನು ಸೊನ್ನೆಗೆ ತಿರುಗಿಸುವವರಿಗೆ

ಮೊನ್ನೆ ಶನಿವಾರ ಸಂಜೆ ಕಾರವಾರದಲ್ಲಿ ಹುಡುಗರ ಮೆಟಲ್ ಬ್ಯಾಂಡೊಂದರ ಕಾರ್ಯಕ್ರಮಕ್ಕೆ ಹೋಗಿದ್ದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಅಷ್ಟು ದೂರ ಹೋದದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಇಂಥ ಸಂಗೀತ ಕೇಳಬೇಕೆಂದರೆ ಗೋವೆಗೋ ಬೆಂಗಳೂರಿಗೋ ಓಡಬೇಕಾಗಿದ್ದ ಕಾಲವನ್ನು ಕಂಡವನು ನಾನು. ನಮ್ಮದೇ ಕರಾವಳಿಯ ಹುಡುಗರು ಕಪ್ಪು ಅಂಗಿ ತೊಟ್ಟು ವೇದಿಕೆ ಹತ್ತಿದ್ದನ್ನು ಕಂಡು ಗಂಟಲು ಕಟ್ಟಿದ್ದೂ ನಿಜ. ಬೇಸರವಿರುವುದು ಆಂಪಿನ, ಅಂದರೆ ಗಿಟಾರಿನ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆಯ, ಒಂದೇ ಒಂದು ಗುಂಡಿಯ ಬಗ್ಗೆ. ಆ ಗುಂಡಿಯ ಕೆಳಗೆ ‘ಮಿಡ್’ ಎಂದು ಬರೆದಿರುತ್ತದೆ; ಸದ್ದಿನ ಬುಡಕ್ಕೂ ತುದಿಗೂ ನಡುವಿನ ಸ್ವರಗಳನ್ನು ಏರಿಸಿ ಇಳಿಸುವುದು ಅದು. ಅಂದು ಅದು ಸೊನ್ನೆಯಲ್ಲಿತ್ತು.

ವೇದಿಕೆಯ ಮೇಲಿದ್ದದ್ದು ಅಂತಿಂಥ ಸಾಮಾನಲ್ಲ. ಗೋವೆಯಿಂದ ಬಾಡಿಗೆಗೆ ತರಿಸಿದ ಪೀವಿ 6505 ಹೆಡ್ (ಸ್ಪೀಕರಿಲ್ಲದ ಆಂಪು), 120 ವ್ಯಾಟಿನದು, ಅದರ ಕೆಳಗೆ 12 ಇಂಚಿನ ನಾಲ್ಕು ಸ್ಪೀಕರುಗಳ ಕ್ಯಾಬಿನೆಟ್. ಮೊದಲ ಹಾಡಿನ ಮೊದಲ ನಾಲ್ಕು ಸೆಕೆಂಡು, ಅಂದರೆ ಗಿಟಾರೊಂದೇ ನುಡಿಯುವಷ್ಟು ಹೊತ್ತು, ಮೂರನೆಯ ಸಾಲಿನಲ್ಲಿ ಕುಳಿತ ನನಗೆ ಅದು ಭಯಂಕರ ಚೆಂದ ಕೇಳಿಸಿತು. ಐದನೆಯ ಸೆಕೆಂಡಿಗೆ ಡ್ರಮ್ಮು ಮತ್ತು ಬೇಸ್ ಗಿಟಾರು ಸೇರಿಕೊಂಡವು, ಗಿಟಾರು ಮಾಯವಾಯಿತು. ಹುಡುಗನ ಬಲಗೈ ಓಡುತ್ತಿದೆ, ತಲೆ ಕುಣಿಯುತ್ತಿದೆ, ಸದ್ದು ಮಾತ್ರ ಇಲ್ಲ. ಬುಡದ ಗುಡುಗನ್ನು ಬೇಸ್ ಗಿಟಾರು ಮತ್ತು ಕಿಕ್ ಡ್ರಮ್ಮು ನುಂಗಿದವು, ತುದಿಯ ಚರಚರವನ್ನು ಸಿಂಬಲ್ಲುಗಳು ನುಂಗಿದವು, ನಡುವೆ ಗಿಟಾರಿಗೆಂದೇ ಉಳಿದಿದ್ದ ಜಾಗವನ್ನು ಹುಡುಗ ತನ್ನ ಕೈಯಾರೆ ಗುಡಿಸಿ ಖಾಲಿ ಮಾಡಿಟ್ಟಿದ್ದ. ನಲವತ್ತು ನಿಮಿಷ ನಾನು ನೋಡಿದ್ದು ಒಂದು ಮೂಕಾಭಿನಯ.

ಸಿಟ್ಟು ಬಂದದ್ದು ಆಮೇಲೆ. ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಆ ಹುಡುಗ, “ಸರ್, ಆಂಪೇ ಸರಿ ಇರಲಿಲ್ಲ. ಮೆಸಾ ರೆಕ್ಟಿಫೈಯರ್ ಸಿಕ್ಕಿದ್ದರೆ ಕಥೆಯೇ ಬೇರೆ ಇತ್ತು” ಎಂದ. ಪಕ್ಕದವನು ಡೀಜಲ್ ಎಂದ. (ಪೆಟ್ರೋಲ್ ಬಂಕಿನದಲ್ಲ, ಜರ್ಮನಿಯದು.) ಇನ್ನೊಬ್ಬನು ಎಂಗಲ್ ಎಂದ. ಅಲ್ಲಿಂದ ಅರ್ಧ ಗಂಟೆ ಯಾವ ಆಂಪಿಗೆ ಎಷ್ಟು ಗೇನ್ (ಸದ್ದನ್ನು ಒಡೆದು ಒರಟು ಮಾಡುವ ಬಲ) ಇದೆ ಎಂಬ ಚರ್ಚೆ ನಡೆಯಿತು. ಸಾರಿಗೆ ಉಪ್ಪೇ ಹಾಕದೆ ಪಾತ್ರೆ ಸರಿಯಿಲ್ಲ ಎನ್ನುವವರಿಗೆ ಏನು ಹೇಳುವುದು?

ಹೋಲಿಕೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಅಡಿಕೆ ಧಾರಣೆಗಿಂತ ಹೆಚ್ಚು ಹೊತ್ತು ನಾನು ಮಾತನಾಡಿರುವುದು ಇದೇ ವಿಷಯವನ್ನು. ಹೈ ಗೇನ್ ಎಂದರೆ ಮೂಲತಃ ಒಂದು ವಾಲ್ವು (ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ನಳಿಕೆ) ಹಿಗ್ಗಿಸಿದ ಸಂಕೇತವನ್ನು ಮುಂದಿನ ವಾಲ್ವಿಗೆ ಸುರಿಯುವುದು, ಅದು ಕತ್ತರಿಸಿ ಹಿಗ್ಗಿಸಿದ್ದನ್ನು ಅದರ ಮುಂದಿನದಕ್ಕೆ ಸುರಿಯುವುದು; ಆಲೆಮನೆಯಲ್ಲಿ ಒಮ್ಮೆ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಮತ್ತೆ ಗಾಣಕ್ಕೆ ಕೊಟ್ಟ ಹಾಗೆ. ಮೈಕ್ ಸೋಲ್ಡಾನೋ ಎಂಬವರು 1987ರಲ್ಲಿ ಎಸ್‌ಎಲ್‌ಓ 100 ಎಂಬ ಆಂಪನ್ನು ಹೊರತಂದರು. ಮುಂದೆ ತೊಂಬತ್ತರ ದಶಕದ ಆರಂಭದಲ್ಲಿ ಬಂದ ಮೆಸಾ ಡ್ಯುಯಲ್ ರೆಕ್ಟಿಫೈಯರಿನ ಒಳಗಿನ ಜೋಡಣೆ ಬಹುಮಟ್ಟಿಗೆ ಅದೇ ಹಾದಿಯದು. 1992ರಲ್ಲಿ ಬಂದ ಪೀವಿ 5150 ಕೂಡ ಅದೇ ಬಳಗದ ಕೂಸು. ಅದು ಯಾರಿಗಾಗಿ ತಯಾರಾಯಿತೋ ಆ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ 2004ರಲ್ಲಿ ಪೀವಿಯಿಂದ ಹೊರನಡೆದು 5150 ಎಂಬ ಹೆಸರನ್ನು ಜೊತೆಗೆ ಒಯ್ದ ಕಾರಣ ಅದೇ ಆಂಪಿಗೆ 6505 ಎಂಬ ಹೊಸ ಹೆಸರು ಬಂತು. ಕಂಪನಿ ಹುಟ್ಟಿದ 1965 ಮತ್ತು ನಲವತ್ತು ತುಂಬಿದ 2005, ಎರಡನ್ನೂ ಜೋಡಿಸಿದ ಅಂಕಿ ಅದು. ಹೀಗೆ ದಾಯಾದಿಗಳಾದ ಎರಡು ಆಂಪುಗಳಲ್ಲಿ ಒಂದು ಕೆಟ್ಟದ್ದು, ಇನ್ನೊಂದು ಉದ್ಧಾರಕ ಎಂದು ಹುಡುಗರು ಜಗಳವಾಡುತ್ತಿದ್ದರು.

ವ್ಯತ್ಯಾಸ ಇಲ್ಲವೆಂದಲ್ಲ, ಇದೆ. 5150ರ ಪೆಟ್ಟು ಬಿಗಿ, ಸ್ವಲ್ಪ ಒರಟು, ಬೆರಳು ತಾಗಿದ ಕೂಡಲೇ ಎದೆಗೆ ಬಡಿಯುತ್ತದೆ. ರೆಕ್ಟಿಫೈಯರಿನ ಬುಡ ಅಗಲ, ಸದ್ದು ಸ್ವಲ್ಪ ಸಡಿಲ. ಅದಕ್ಕೇ ಅದನ್ನು ಬಳಸುವವರಲ್ಲಿ ಅನೇಕರು ಮುಂದೊಂದು ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಪೆಡಲ್ (ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ) ಇಟ್ಟು, ಅದರ ಡ್ರೈವನ್ನು ಸೊನ್ನೆಗೂ ಲೆವೆಲ್ಲನ್ನು ತುದಿಗೂ ತಿರುಗಿಸಿ, ಸದ್ದನ್ನು ಬಿಗಿ ಮಾಡಿಕೊಳ್ಳುತ್ತಾರೆ. ಆ ಪೆಡಲ್ ಮಾಡುವುದೇನು? ಬುಡವನ್ನು ಸವರಿ, 720 ಹರ್ಟ್ಸಿನ ಆಸುಪಾಸಿನ ನಡುವನ್ನು ಎತ್ತಿಕೊಡುವುದು. ಅಂದರೆ ಮಿಡ್! ಅಂದು ವೇದಿಕೆಯ ಮೇಲೆ ಆ ಹಸಿರು ಪೆಡಲೂ ಇತ್ತು. ನೆಲದ ಮೇಲೆ ದುಡ್ಡು ಕೊಟ್ಟು ತಂದ ಮಿಡ್, ಆಂಪಿನ ಮೇಲೆ ಪುಕ್ಕಟೆ ಸಿಕ್ಕ ಮಿಡ್ಡಿಗೆ ಸೊನ್ನೆ. ಒಂದು ಕೈಯಲ್ಲಿ ಗೊಬ್ಬರ, ಇನ್ನೊಂದು ಕೈಯಲ್ಲಿ ಕೊಡಲಿ.

ಇನ್ನೂ ಉರಿಯುವ ಸಂಗತಿಯೆಂದರೆ, ಆ ಆಂಪು ಯಾರ ಕಿವಿಗೆಂದು ಹುಟ್ಟಿತು ಎನ್ನುವುದು. ವ್ಯಾನ್ ಹೇಲನ್ನರ ಸದ್ದನ್ನು ಲೋಕವೇ ‘ಬ್ರೌನ್ ಸೌಂಡ್’ ಎಂದು ಕರೆಯುತ್ತದೆ. ಅದು ನಖಶಿಖಾಂತ ನಡುವಿನದೇ ಸದ್ದು. ಅವರು ತಮ್ಮ ಹಳೆಯ ಮಾರ್ಶಲ್ ಆಂಪಿಗೆ ವೇರಿಯಾಕ್ ಎಂಬ ಸಾಧನದಿಂದ ವೋಲ್ಟೇಜನ್ನು ಸುಮಾರು 90ಕ್ಕೆ ಇಳಿಸಿ ನುಡಿಸುತ್ತಿದ್ದರು. ಅಮೆರಿಕದ 120 ವೋಲ್ಟಿನಲ್ಲಿ ಅದು ಮುಕ್ಕಾಲು ಪಾಲು. ನಮ್ಮ 230ರಲ್ಲಿ ಮುಕ್ಕಾಲು ಪಾಲೆಂದರೆ 172. ಬೇಸಿಗೆಯ ಸಂಜೆ ಊರಿನವರೆಲ್ಲ ತೋಟಕ್ಕೆ ನೀರು ಬಿಡಲು ಪಂಪು ಹಚ್ಚಿದಾಗ ನನ್ನ ಮನೆಯ ಮೀಟರು ತೋರಿಸುವುದು ಹೆಚ್ಚುಕಡಿಮೆ ಅಷ್ಟನ್ನೇ. ಅವರು ಹುಡುಕಿ ಪಡೆದದ್ದು ನಮಗೆ ಬೇಡವೆಂದರೂ ಬರುತ್ತದೆ! ಆಗ ವಾಲ್ವಿನ ಹೀಟರಿಗೆ ಸಲ್ಲಬೇಕಾದ 6.3 ವೋಲ್ಟು 4.7ಕ್ಕೆ ಇಳಿದು, ಕೆಂಪು ಬೆಳಕು ಮಂಕಾಗಿ, ಆಂಪು ಜ್ವರ ಬಂದವರಂತೆ ನುಡಿಯುತ್ತದೆ; ವಾಲ್ವಿನ ಆರೋಗ್ಯಕ್ಕೆ ಅದು ಒಳ್ಳೆಯದೂ ಅಲ್ಲ. ಅಂಥ ಹೊತ್ತಿನಲ್ಲೂ ನನ್ನ ಮಿಡ್ ಗುಂಡಿ ಆರರಿಂದ ಕೆಳಗಿಳಿದಿಲ್ಲ.

ಹಾಗಾದರೆ ಇಷ್ಟೊಂದು ಹುಡುಗರು ಅದನ್ನು ಸೊನ್ನೆಗೆ ತಿರುಗಿಸುವುದೇಕೆ? ಅವರು ದಡ್ಡರೆಂದಲ್ಲ. ಮನೆಯಲ್ಲಿ ಹಾಗೆ ಮಾಡಿದರೆ ನಿಜವಾಗಿಯೂ ಚೆಂದ ಕೇಳಿಸುತ್ತದೆ, ಇಡೀ ಅನಾಹುತದ ಬೇರು ಇರುವುದು ಇಲ್ಲಿಯೇ. ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ತೋರಿಸಿಕೊಟ್ಟ ಹಾಗೆ, ಮೆಲ್ಲನೆಯ ಸದ್ದಿನಲ್ಲಿ ಮನುಷ್ಯನ ಕಿವಿಗೆ ಬುಡದ ಸ್ವರಗಳೂ ತೀರಾ ತುದಿಯ ಸ್ವರಗಳೂ ಮಂದವಾಗಿ ಕೇಳುತ್ತವೆ, ನಡುವಿನವು ಮಾತ್ರ ಸ್ಪಷ್ಟವಾಗಿ ಕೇಳುತ್ತವೆ. ಆದ್ದರಿಂದ ಅಪ್ಪ ಅಮ್ಮ ಮಲಗಿದ ಮೇಲೆ ಪಿಸುಗುಡುವ ಮಟ್ಟದಲ್ಲಿ ನುಡಿಸುವ ಹುಡುಗ ಬೇಸ್ ಏರಿಸುತ್ತಾನೆ, ಟ್ರೆಬಲ್ ಏರಿಸುತ್ತಾನೆ, ಮಿಡ್ ಇಳಿಸುತ್ತಾನೆ, ಸ್ವರ್ಗ ಕಾಣುತ್ತಾನೆ. ಅದೇ ಗುಂಡಿಗಳನ್ನು ಅದೇ ಜಾಗದಲ್ಲಿಟ್ಟು ವೇದಿಕೆಯ ಮೇಲೆ ಸದ್ದು ಏರಿಸಿದಾಗ, ಕಿವಿಯ ಲೆಕ್ಕ ಬದಲಾಗಿ, ಬುಡ ಉಕ್ಕಿ ಕೆಸರಾಗುತ್ತದೆ, ತುದಿ ಚುಚ್ಚುತ್ತದೆ, ನಡುವೆ ಬಯಲು. ಆಗ ಅವನು ಇನ್ನಷ್ಟು ವ್ಯಾಟ್ ಬೇಕೆನ್ನುತ್ತಾನೆ. 50 ವ್ಯಾಟಿನಿಂದ 100ಕ್ಕೆ ಹೋದರೆ ಸಿಗುವುದು ಬರೇ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ಅನ್ನಿಸಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಮಿಡ್ ಗುಂಡಿಯನ್ನು ಆರಕ್ಕೆ ತಿರುಗಿಸಲು ಬೇಕಾದದ್ದು ಎರಡು ಬೆರಳು.

ಇನ್ನು ನೀವು ಹೇಳುವುದು ನನಗೆ ಗೊತ್ತಿದೆ: “ಮಿಡ್ ಇಳಿಸಿಯೇ ಹೆಸರು ಮಾಡಿದ ಮೆಟಾಲಿಕಾ ಬ್ಯಾಂಡ್?” ಕೇಳಿ ಕೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. 1986ರ ಆಲ್ಬಮ್ಮಿನಲ್ಲಿ ಅವರು ಬಳಸಿದ ಮೆಸಾ ಮಾರ್ಕ್ ಟೂ ಸಿ ಪ್ಲಸ್ ಆಂಪಿಗೆ 80, 240, 750, 2200, 6600 ಹರ್ಟ್ಸಿನ ಐದು ಜಾರುಗುಂಡಿಗಳಿವೆ. ನಡುವಿನ 750ನ್ನು ಕೆಳಗೆಳೆದು ಇಂಗ್ಲಿಷಿನ ವಿ ಅಕ್ಷರದ ಆಕಾರ ಮಾಡುವುದು ಪ್ರಸಿದ್ಧ ಪದ್ಧತಿ. ಸರಿಯೇ. ಆದರೆ ಆ ಆಂಪಿನಲ್ಲಿ ಬೇಸ್ ಗುಂಡಿ ಕೆಲಸ ಮಾಡುವುದು ಡಿಸ್ಟಾರ್ಷನ್ನಿಗೂ (ಸದ್ದು ಒಡೆಯುವ ಹಂತಕ್ಕೂ) ಮೊದಲು, ಹಾಗಾಗಿ ಅದನ್ನು ಒಂದು ಎರಡರ ಹತ್ತಿರವೇ ಇಟ್ಟು, ಸದ್ದು ಬಿಗಿಯಾದ ಮೇಲೆ ಕೊನೆಯಲ್ಲಿ ವಿ ಕೊರೆಯುತ್ತಾರೆ. ಸ್ಟುಡಿಯೋದಲ್ಲಿ ಒಂದೇ ರಿಫ್ಫನ್ನು (ಮತ್ತೆ ಮತ್ತೆ ಬರುವ ಗಿಟಾರಿನ ಸಾಲನ್ನು) ಪದರ ಪದರವಾಗಿ ಹಲವು ಸಲ ನುಡಿಸಿ ಸೇರಿಸಿದ್ದಾರೆ. ಮತ್ತೆ 1988ರ ಆಲ್ಬಮ್ಮಿನಲ್ಲಿ ಬೇಸ್ ಗಿಟಾರು ಕೇಳಿಸುವುದೇ ಇಲ್ಲವೆಂದು ಜಗತ್ತು ಇವತ್ತಿಗೂ ಗೊಣಗುತ್ತಿದೆ! ನಿಮ್ಮ ಬ್ಯಾಂಡಿನಲ್ಲಿ ಬೇಸ್ ನುಡಿಸುವ ಹುಡುಗಿ ಅದಕ್ಕೆ ಒಪ್ಪುತ್ತಾಳೆಯೇ, ಮೊದಲು ಕೇಳಿ ನೋಡಿ. ಪ್ಯಾಂಟೆರಾ ಬ್ಯಾಂಡಿನ ಗಿಟಾರ್ ವಾದಕ ಡೈಮ್‌ಬ್ಯಾಗ್ ಡ್ಯಾರೆಲ್ಲರ ಹೆಸರು ಹೇಳುವವರು ಅವರ ರಾಂಡಲ್ ಆಂಪಿನಲ್ಲಿ ವಾಲ್ವೇ ಇರಲಿಲ್ಲ, ಅದು ಟ್ರಾನ್ಸಿಸ್ಟರಿನದು, ಮತ್ತು ಅದರ ಮುಂದೆ ಅವರು ಪ್ಯಾರಾಮೆಟ್ರಿಕ್ ಈಕ್ವಲೈಸರ್ ಇಟ್ಟು ಸದ್ದನ್ನು ತಿದ್ದುತ್ತಿದ್ದರು ಎಂಬುದನ್ನೂ ಹೇಳಲಿ. ಈ ವಾದವನ್ನು ನಾನು ಇಲ್ಲಿಗೇ ಮುಗಿಸುತ್ತೇನೆ.

ಗೇನಿನದೂ ಇದೇ ಹಾಡು. ಅಂದು ಅದು ಹತ್ತರಲ್ಲಿತ್ತು. 5150ರ ಸದ್ದನ್ನು ಮೆಚ್ಚುವವರಲ್ಲಿ ಹೆಚ್ಚಿನವರು ಅದನ್ನು ಮೂರರಿಂದ ಐದರೊಳಗೆ ಇಡುತ್ತಾರೆ. ಗೇನ್ ಏರಿದಂತೆ ಸದ್ದು ದೊಡ್ಡದಾಗುವುದಿಲ್ಲ, ಚಪ್ಪಟೆಯಾಗುತ್ತದೆ. ಮೆಲ್ಲಗೆ ಮುಟ್ಟಿದ್ದೂ ಜೋರಾಗಿ ಹೊಡೆದದ್ದೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಚಂಡೆಯ ಬಿಡ್ತಿಗೆ ಕಾವು ಬರುವುದು ಪೆಟ್ಟು ಪೆಟ್ಟಿನ ನಡುವೆ ಮೌನ ಇರುವುದರಿಂದ. ತಂತಿಯನ್ನು ಅಂಗೈಯಿಂದ ಅಮುಕಿ ಕತ್ತರಿಸಿ ಕತ್ತರಿಸಿ ನುಡಿಸುವ ರಿಫ್ಫಿಗೂ ಆ ಮೌನ ಬೇಕು. ಗೇನ್ ಹತ್ತರಲ್ಲಿದ್ದರೆ ಆ ಸಂದಿಯಲ್ಲಿ ಕೇಳುವುದು ಗುಂಯ್ ಎನ್ನುವ ಕರೆಂಟಿನ ಸದ್ದು. ನಮ್ಮ ಕಡೆ ಬೇಸಿಗೆಯಲ್ಲಿ ಅರ್ಥಿಂಗಿನ ಹೊಂಡ ಒಣಗಿ, ಉಪ್ಪು ಇದ್ದಿಲು ತುಂಬಿ ಎರಡು ಕೊಡ ನೀರು ಸುರಿಯುವವರೆಗೆ, ಅದು ಜೇನುಗೂಡಿಗೆ ಕಲ್ಲು ಹೊಡೆದಂತೆಯೇ ಸರಿ.

ಇಂಥ ಮಾತಾಡಲು ನನಗೇನು ಅಧಿಕಾರ ಎಂದು ಕೇಳುವವರಿದ್ದೀರಿ, ಆದ್ದರಿಂದ ನಾನೇ ಒಪ್ಪಿಕೊಂಡು ಬಿಡುತ್ತೇನೆ. ನನ್ನ ಬಳಿ 5150 ಇಲ್ಲ. ಯಾವತ್ತೂ ಇರಲಿಲ್ಲ. ಬೆಂಗಳೂರಿನ ಬಾಡಿಗೆ ಸ್ಟುಡಿಯೋದಲ್ಲಿ ಗಂಟೆಯ ಲೆಕ್ಕಕ್ಕೆ ನುಡಿಸಿದ್ದು ಮೂರು ಸಲ, ರೆಕ್ಟಿಫೈಯರ್ ಒಂದೇ ಸಲ, ಡೀಜಲ್ ಮುಟ್ಟಿಲ್ಲ. ಮನೆಯ ಮೆತ್ತಿನ ಮೇಲಿರುವುದು ಒಂದು ಸಣ್ಣ ವಾಲ್ವ್ ಆಂಪು. ಪ್ರತಿ ಆಷಾಢದಲ್ಲಿ ಅದರ ಸ್ಪೀಕರಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆಂದು ಅಡಿಕೆ ಒಣಗಿಸುವ ಒಲೆಯ ಬಳಿ ಇಟ್ಟು ಬೈಸಿಕೊಂಡಿದ್ದೇನೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿ, ರಾತ್ರಿ ಬಸ್ಸಿನಲ್ಲಿ ಶಿರಸಿಗೆ ಬಂದವನು ಸ್ನಾನಕ್ಕೂ ಮೊದಲು ಮಾಡಿದ ಕೆಲಸವೆಂದರೆ ಮಿಡ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ್ದು. ಎರಡು ವರ್ಷ ಅದು ಅಲ್ಲೇ ಇತ್ತು. ಆ ಎರಡು ವರ್ಷ ನಾನು ಪೆಡಲಿನ ತಂತಿಯನ್ನು ನೇರವಾಗಿ ಮೈಕ್ ಸೆಟ್ಟಿನ ಮಿಕ್ಸರಿಗೆ ಚುಚ್ಚಿಯೂ ನುಡಿಸಿದ್ದೇನೆ. ಗಿಟಾರಿನ 12 ಇಂಚಿನ ಸ್ಪೀಕರು 5 ಸಾವಿರ ಹರ್ಟ್ಸಿನ ಆಚೆಗಿನದ್ದನ್ನೆಲ್ಲ ಸೋಸಿ ಬಿಡುತ್ತದೆ, ಅದಿಲ್ಲದೆ ಡಿಸ್ಟಾರ್ಷನ್ ಎಂದರೆ ಡಬ್ಬಿಯೊಳಗಿನ ಕಣಜ ಎಂಬ ತಿಳಿವಳಿಕೆ ಆಗ ಇರಲಿಲ್ಲ. ಒಮ್ಮೆ ಊರಿನ ಕಾರ್ಯಕ್ರಮವೊಂದರಲ್ಲಿ ನಾನು ನುಡಿಸುತ್ತಿದ್ದಾಗಲೇ, ಹಿರಿಯರೊಬ್ಬರು ವೇದಿಕೆ ಹತ್ತಿ ಬಂದು, ಒಂದು ಮಾತೂ ಆಡದೆ ಆ ಗುಂಡಿಯನ್ನು ಏಳಕ್ಕೆ ತಿರುಗಿಸಿ ಇಳಿದು ಹೋದರು. ನನಗೆ ಅವಮಾನವಾಯಿತು. ಕೊನೆಯ ಸಾಲಿನಲ್ಲಿದ್ದ ತಮ್ಮ ಆಮೇಲೆ, “ಅಲ್ಲಿಂದ ಮುಂದೆ ನಿನ್ನ ಗಿಟಾರು ಕೇಳಿತು ಮಾರಾಯ” ಎಂದ.

ಮೊನ್ನೆ ಕಾರವಾರದಲ್ಲಿ ನಾನು ಆ ಹಿರಿಯರ ಕೆಲಸ ಮಾಡಲಿಲ್ಲ ಎಂದುಕೊಳ್ಳಬೇಡಿ. ಸೌಂಡ್ ಚೆಕ್ಕಿನ ಹೊತ್ತಿಗೇ ಹೋಗಿ, ಹುಡುಗನನ್ನು ಕೇಳಿ, ಮಿಡ್ಡನ್ನು ಆರಕ್ಕೂ ಗೇನನ್ನು ನಾಲ್ಕಕ್ಕೂ ಇಟ್ಟು, ಬೇಸನ್ನು ಇಳಿಸಿ ಬಂದಿದ್ದೆ. ಅವನು ತಲೆಯಾಡಿಸಿದ್ದ. ಪರದೆ ಏರುವ ಮೊದಲು ಎಲ್ಲವನ್ನೂ ಮೊದಲಿದ್ದಲ್ಲಿಗೇ ತಿರುಗಿಸಿದ್ದ.

ಇದನ್ನೆಲ್ಲ ಬರೆಯಲು ಕುಳಿತದ್ದಕ್ಕೆ ಕಾರಣ ಇವತ್ತು ಬೆಳಿಗ್ಗೆ ಬಂದ ಅವನ ಸಂದೇಶ. ನಿನ್ನೆ ರಾತ್ರಿ ಮನೆಯಲ್ಲಿ ಕಂಪ್ಯೂಟರಿನ ಆಂಪ್ ತಂತ್ರಾಂಶದಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಮಿಡ್ಡನ್ನು ಆರಕ್ಕಿಟ್ಟು ನೋಡಿದನಂತೆ. “ಸರ್, ಚೂರೂ ಚೆನ್ನಾಗಿ ಕೇಳುವುದಿಲ್ಲ” ಎಂದು ಬರೆದಿದ್ದಾನೆ. ಮನೆಯಲ್ಲಿ ಚೆನ್ನಾಗಿ ಕೇಳುವುದಿಲ್ಲ, ಹೌದಪ್ಪ, ಅದನ್ನೇ ತಾನೇ ನಾನು ಇಷ್ಟು ಹೊತ್ತು ಹೇಳುತ್ತಿರುವುದು. ಮುಂದಿನ ತಿಂಗಳು ಕುಮಟಾದಲ್ಲಿ ಅವರ ಕಾರ್ಯಕ್ರಮವಿದೆ. ಹೋಗುತ್ತೇನೆ, ಈ ಸಲ ಮೂರನೆಯ ಸಾಲಿನಲ್ಲಿ ಕೂರುವುದಿಲ್ಲ, ಆಂಪಿನ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಡಲು ಹೇಳಿದ್ದೇನೆ.