ಸಾಲವನ್ನೂ ನೆರವೆಂದು ಬರೆದುಕೊಳ್ಳುವ ಲೆಕ್ಕ

ಅಭಿವೃದ್ಧಿಶೀಲ ದೇಶಗಳಿಗೆ 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹವಾಮಾನ ನೆರವು ಒದಗಿಸುವುದಾಗಿ ಶ್ರೀಮಂತ ರಾಷ್ಟ್ರಗಳು 2009ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ ಮಾತು ಕೊಟ್ಟಿದ್ದವು. ಆ ಗುರಿಯನ್ನು 2022ರಲ್ಲಿ ದಾಟಲಾಯಿತು, ಒಟ್ಟು ಮೊತ್ತ 11,590 ಕೋಟಿ ಡಾಲರ್ ಎಂದು ಶ್ರೀಮಂತ ರಾಷ್ಟ್ರಗಳೇ ಹೆಚ್ಚಾಗಿರುವ ಆರ್ಥಿಕ ಸಹಕಾರ ಸಂಘಟನೆ ಒಇಸಿಡಿ ಪ್ರಕಟಿಸಿತು. ನನ್ನ ತಕರಾರು ಎರಡು ವರ್ಷ ತಡವಾದುದಕ್ಕಲ್ಲ, ಆ ಮೊತ್ತವನ್ನು ಕೂಡಿಸಿದ ಬಗೆಗೆ.

ಆ ವರ್ಷದ ಸಾರ್ವಜನಿಕ ಹಣದಲ್ಲಿ ಸುಮಾರು ಶೇ 69ರಷ್ಟು ಸಾಲವಾಗಿತ್ತು; ಮರಳಿಸಬೇಕಿಲ್ಲದ ಅನುದಾನ ಶೇ 28 ಮಾತ್ರ. ಸಾಲ ಕೊಟ್ಟವರು ಮುಂದೆ ಬಡ್ಡಿಸಹಿತ ವಸೂಲು ಮಾಡಿಕೊಂಡರೂ ಅಸಲಿನ ಪೂರ್ಣ ಮೊತ್ತ ನೆರವಿನ ಖಾತೆಯಲ್ಲಿ ಹಾಗೆಯೇ ಉಳಿಯುತ್ತದೆ. ಬೇರೆ ವಿಧಾನ ಇವರಿಗೆ ತಿಳಿಯದು ಎನ್ನುವಂತೆಯೂ ಇಲ್ಲ. ಏಕೆಂದರೆ ಸಾಮಾನ್ಯ ಅಭಿವೃದ್ಧಿ ನೆರವಿನ ವಿಷಯದಲ್ಲಿ, ಸರ್ಕಾರಗಳು ಕೊಡುವ ಸಾಲದಲ್ಲಿ ರಿಯಾಯಿತಿಯ ಭಾಗವನ್ನಷ್ಟೇ (ಮಾರುಕಟ್ಟೆಯ ಸಾಲಕ್ಕಿಂತ ಅದು ಎಷ್ಟು ಅಗ್ಗವೋ ಅಷ್ಟನ್ನು) ನೆರವೆಂದು ಎಣಿಸುವ ಪದ್ಧತಿಯನ್ನು ಇದೇ ಒಇಸಿಡಿ 2018ರಿಂದ ಅನುಸರಿಸುತ್ತಿದೆ.

ಸಾಲದ ಈ ಒಲವು ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಸೌರ ವಿದ್ಯುತ್ ಸ್ಥಾವರ ಆದಾಯ ತರುತ್ತದೆ, ಸಾಲ ತೀರುತ್ತದೆ. ಕಡಲ ತಡೆಗೋಡೆ ಊರನ್ನು ಉಳಿಸುತ್ತದೆಯೇ ಹೊರತು ಕಂತು ಕಟ್ಟುವುದಿಲ್ಲ. ಬದಲಾದ ಹವಾಮಾನಕ್ಕೆ ಹೊಂದಿಕೊಳ್ಳುವ ಇಂಥ ಕೆಲಸಗಳಿಗೆ 2022ರಲ್ಲಿ ಸಂದದ್ದು 3,240 ಕೋಟಿ ಡಾಲರ್ ಮಾತ್ರ.

ಇನ್ನು ಯಾವುದು ಹವಾಮಾನ ಯೋಜನೆ ಎಂಬ ಪ್ರಶ್ನೆ. ಹವಾಮಾನವೇ ಯೋಜನೆಯ ಮುಖ್ಯ ಉದ್ದೇಶವೋ, ಹಲವು ಉದ್ದೇಶಗಳಲ್ಲಿ ಒಂದೋ ಎಂದು ಗುರುತು ಹಾಕುವುದು ಹಣ ಕೊಡುವ ದೇಶವೇ. ಎರಡನೆಯ ಬಗೆಯಾದರೆ ವೆಚ್ಚದ ಎಷ್ಟು ಪಾಲನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದೂ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಏಷ್ಯಾದಲ್ಲಿ ಚಾಕೊಲೇಟ್ ಮತ್ತು ಐಸ್‌ಕ್ರೀಂ ಅಂಗಡಿ ತೆರೆಯಲು ಇಟಲಿ ಕೊಟ್ಟ ಹಣ, ಬಾಂಗ್ಲಾದೇಶದ ಮಾತಾರ್‌ಬಾರಿ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಜಪಾನ್ ಕೊಟ್ಟ ಸಾಲ, ಎರಡೂ ಈ ಲೆಕ್ಕದಲ್ಲಿ ಸೇರಿದ್ದವೆಂದು ರಾಯಿಟರ್ಸ್ 2023ರಲ್ಲಿ ಬಯಲಿಗೆಳೆಯಿತು. (ಕಲ್ಲಿದ್ದಲು ಯಾವ ಬಾಗಿಲಿನಿಂದ ಈ ಪಟ್ಟಿಯೊಳಗೆ ಬಂತೆಂದು ಕೇಳಿದರೆ, ದಕ್ಷತೆ ಹೆಚ್ಚಿರುವ ತಂತ್ರಜ್ಞಾನ ಎಂಬ ಸಮರ್ಥನೆ ಸಿದ್ಧವಿರುತ್ತದೆ.) ಆದರೂ ಯಾರೂ ನಿಯಮ ಮುರಿಯಲಿಲ್ಲ, ಏಕೆಂದರೆ ಹವಾಮಾನ ನೆರವು ಎಂದರೇನೆಂಬುದಕ್ಕೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲ. 'ಹೊಸದೂ ಹೆಚ್ಚುವರಿಯೂ ಆದ' ಹಣ ಎಂದು 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲಿ ಬರೆದಿದ್ದರೂ ಯಾವುದಕ್ಕೆ ಹೆಚ್ಚುವರಿ ಎಂಬುದನ್ನು ಅದು ಹೇಳುವುದಿಲ್ಲ.

2024ರಲ್ಲಿ ಬಾಕು ಸಮ್ಮೇಳನ ಗುರಿಯನ್ನು 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರಿಗೆ ಏರಿಸಿತು. ಸಾರ್ವಜನಿಕ, ಖಾಸಗಿ, ಇತರ ಮೂಲಗಳೆಲ್ಲವೂ ಅದರಲ್ಲಿ ಸೇರಬಹುದು. ಅನುದಾನ ಇಂತಿಷ್ಟಿರಬೇಕೆಂಬ ಅಂಕಿ ಮಾತ್ರ ಆ ನಿರ್ಣಯದಲ್ಲಿ ಎಲ್ಲಿಯೂ ಇಲ್ಲ.