ಮೂಲಂಗಿ ಏನು ಪಾಪ ಮಾಡಿತ್ತು?

ಬಾಗಲಕೋಟೆಯ ನವನಗರದಲ್ಲಿ ಬೆಳಿಗ್ಗೆ ವಾಕಿಂಗ್ ಹೊರಟರೆ ಯಾರಿಂದಲೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಸೆಕ್ಟರ್ ಸೆಕ್ಟರ್ ಎಂದು ಗೆರೆ ಎಳೆದು ಕಟ್ಟಿದ ಊರು ಇದು. ರಸ್ತೆಗಳು ಅಗಲ, ನೆಟ್ಟಗೆ. ಹಳೇ ಊರಿನಲ್ಲಾದರೆ ಯಾವುದಾದರೂ ಸಂದಿ ಹಿಡಿದು ನುಸುಳಬಹುದು. ಇಲ್ಲಿ ಹಾಗಲ್ಲ. ದೂರದಿಂದಲೇ ಮಾಸ್ತರರು ಕಾಣುತ್ತಾರೆ. ಅವರಿಗೆ ನನ್ನ ಹೊಟ್ಟೆ ಅದಕ್ಕಿಂತ ಮೊದಲೇ ಕಂಡಿರುತ್ತದೆ.

"ತೂಕ ಇಳಿಸೋದು ಏನ್ ದೊಡ್ಡದಲ್ರೀ ಸರ. ಮನಸ್ಸು ಗಟ್ಟಿ ಇರಬೇಕು, ಅಷ್ಟ."

ಅವರ ಮನೆತನದಲ್ಲಿ ಯಾರಿಗೂ ಹೊಟ್ಟೆ ಎಂಬುದಿಲ್ಲ. ಅವರ ಅಣ್ಣ ಹಾಗೇ, ಮಗ ಹಾಗೇ. ಹುಟ್ಟಾ ಬಡಕಲು ಇರುವವರು ಅದನ್ನು ತಮ್ಮ ಸಾಧನೆ ಎಂದು ಹೇಳಿಕೊಂಡು ತಿರುಗುವುದು ನನಗೆ ಸೇರುವುದಿಲ್ಲ. ಆರಡಿ ಎತ್ತರದವರು ಕಷ್ಟಪಟ್ಟು ಬೆಳೆದೆ ಅಂತಾರಾ?

ಈ ಮನಸ್ಸು ಗಟ್ಟಿಯ ವಿಷಯವನ್ನು ಅಮೆರಿಕದವರು ಪರೀಕ್ಷೆಯನ್ನೇ ಮಾಡಿ ನೋಡಿದ್ದಾರೆ. ರಾಯ್ ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 1998ರಲ್ಲಿ ಪ್ರಕಟಿಸಿದ ಪ್ರಯೋಗ. ಕಾಲೇಜು ಹುಡುಗರಿಗೆ ಒಂದು ಹೊತ್ತು ಊಟ ಬಿಟ್ಟು ಬನ್ನಿ ಎಂದರು. ಕೋಣೆಯ ತುಂಬಾ ಆಗಷ್ಟೇ ಬೇಯಿಸಿದ ಚಾಕೊಲೇಟ್ ಕುಕೀಸ್ ವಾಸನೆ. ಮೇಜಿನ ಮೇಲೆ ಒಂದು ಕಡೆ ಕುಕೀಸ್, ಇನ್ನೊಂದು ಕಡೆ ಮೂಲಂಗಿ. ಕೆಲವರಿಗೆ ಕುಕೀಸ್ ತಿನ್ನಿ ಎಂದರು, ಕೆಲವರಿಗೆ ಬರೀ ಮೂಲಂಗಿ. ಆಮೇಲೆ ಎಲ್ಲರಿಗೂ ಬಿಡಿಸಲಿಕ್ಕೇ ಆಗದಂಥ ಒಗಟು ಕೊಟ್ಟರು. ಕುಕೀಸ್ ತಿಂದವರು ಸುಮಾರು 19 ನಿಮಿಷ ಗುದ್ದಾಡಿದರು. ಮೂಲಂಗಿಯವರು ಎಂಟೇ ನಿಮಿಷಕ್ಕೆ ಕೈ ಚೆಲ್ಲಿದರು. ಆಸೆ ತಡೆದು ತಡೆದು ಅವರ ಮನೋಬಲ ಖರ್ಚಾಗಿ ಹೋಗಿತ್ತಂತೆ. 2016ರಲ್ಲಿ 23 ಪ್ರಯೋಗಾಲಯಗಳವರು ಸೇರಿ ಈ ತತ್ವವನ್ನು ಬೇರೊಂದು ವಿಧಾನದಲ್ಲಿ ಮತ್ತೆ ಪರೀಕ್ಷಿಸಿದಾಗ ಅಂಥದ್ದೇನೂ ಕಾಣಲಿಲ್ಲ. ಅದು ಅವರವರ ಜಗಳ. ನನ್ನ ತಕರಾರು ಬೇರೆ.

ಮೂಲಂಗಿಯನ್ನು ಶಿಕ್ಷೆ ಅಂತ ತಿಳಿದದ್ದು ಯಾಕೆ?

ನಮ್ಮ ಕಡೆ ಊಟಕ್ಕೆ ಕೂತವರ ತಾಟು ನೋಡಬೇಕು. ಹಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ. ಬದನೆಕಾಯಿ ಎಣ್ಣೆಗಾಯಿ. ಶೇಂಗಾ ಹಿಂಡಿಯಲ್ಲಿ ಗುಳಿ ಮಾಡಿ ಹಾಕಿದ ಮೊಸರು. ಪಕ್ಕದಲ್ಲಿ ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಬಾಲ ಕತ್ತರಿಸದ ಎಳೆ ಮೂಲಂಗಿ. ಉಪ್ಪು ಹಚ್ಚಿ ಕಚ್ಚಿದರೆ ಕರಕ್ ಅಂತ ಸದ್ದು, ಆಮೇಲೆ ಮೂಗಿಗೆ ಸಣ್ಣಗೆ ಏರುವ ಖಾರ. ಹುನಗುಂದ ಕಡೆಯ ನಮ್ಮ ಕಾಕಾ ಮೂಲಂಗಿ ಇಲ್ಲದಿದ್ದರೆ ಊಟ ಅರ್ಧಕ್ಕೆ ನಿಲ್ಲಿಸಿ ಹಿತ್ತಿಲ ಕಡೆ ನೋಡುತ್ತಿದ್ದರು. ಅವರನ್ನು ಆ ಕೋಣೆಗೆ ಬಿಟ್ಟಿದ್ದರೆ ಕುಕೀಸ್ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. "ಇದರ ಜೋಡಿ ರೊಟ್ಟಿ ಇಲ್ಲೇನ್ರೀ?" ಎಂದು ಕೇಳುತ್ತಿದ್ದರು.

ಇದೇ ಪ್ರಯೋಗವನ್ನು ಇಲ್ಲಿ ಮಾಡೋಣ. ಕುಕೀಸ್ ಬದಲು ಅಮೀನಗಡದ ಕರದಂಟು. ಆಗಲೂ ಕೆಡುತ್ತದೆ. ಯಾಕೆಂದರೆ ಕಾವಲಿಗೆ ಕೂತವರೂ ನಮ್ಮವರೇ. ಎದುರಿಗೆ ಕರದಂಟು ಇಟ್ಟುಕೊಂಡು ಹುಡುಗ ಬರೀ ಮೂಲಂಗಿ ಕಡಿಯುವುದನ್ನು ನೋಡಿ ಯಾವ ಕಾಕೂಗೆ ಸುಮ್ಮನಿರಲು ಆಗುತ್ತದೆ? ಎರಡೇ ನಿಮಿಷ. "ಪಾಪ, ಹಸಗೊಂಡು ಬಂದೈತಿ. ಒಂದ್ ತಿಂದ್ರ ಏನೂ ಆಗಂಗಿಲ್ಲ, ತಿನ್ನು ತಮ್ಮಾ." ಒಗಟಿನ ಹಾಳೆಯ ಮೇಲೆ ತುಪ್ಪದ ಕಲೆ.

ಮನೋಬಲದ ಬಗ್ಗೆ ಮಾತಾಡುವವರು ಆಸೆ ನಮ್ಮೊಳಗೇ ಇರುತ್ತದೆ ಅನ್ನುತ್ತಾರೆ. ಇರಬಹುದು. ನಮ್ಮಲ್ಲಿ ಮಾತ್ರ ಅದು ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಪಂಕ್ತಿಯಲ್ಲಿ ಓಡಾಡುತ್ತಿರುತ್ತದೆ. ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಾರೆ. ಬೇಡ ಅಂದರೆ "ನಮ್ಮ ಮನಿ ಹೋಳಿಗಿ ರುಚಿ ಇಲ್ಲೇನು?" ಇದಕ್ಕೆ ಉತ್ತರ ಕೊಟ್ಟು ಗೆದ್ದವರನ್ನು ನಾನು ಕಂಡಿಲ್ಲ. ಅದೇ ಕಾಕೂ ಕೈ ತೊಳೆಯುವ ಹೊತ್ತಿಗೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ, "ಭಾಳ ಮೈ ಬಂದೈತಲ್ಲೋ ನಿನಗ, ಸ್ವಲ್ಪ ಬಾಯಿ ಕಟ್ಟು" ಎಂದಾಗ ನಿಜವಾಗಿಯೂ ಸಿಟ್ಟು ಬರುತ್ತದೆ. ಬಾಯಿ ಕಟ್ಟಬೇಕಾದ್ದು ನನ್ನದಾ, ಬುಟ್ಟಿಯದಾ?

ಕರದಂಟಿನ ವಕೀಲರು ಬೇರೆ. "ಬೆಲ್ಲದ್ದು ರೀ, ಸಕ್ಕರಿ ಅಲ್ಲ. ಬಾಣಂತಿಗೇ ಕೊಡ್ತಾರ." ಹೌದು, ಕೊಡುತ್ತಾರೆ. ಆದರೆ ನಾನು ಬಾಣಂತಿ ಅಲ್ಲವಲ್ಲ. ಬೆಲ್ಲವಿರಲಿ ಸಕ್ಕರೆಯಿರಲಿ, ಗ್ರಾಂಗೆ ಸುಮಾರು ನಾಲ್ಕು ಕ್ಯಾಲೊರಿ. ತುಪ್ಪ ಒಂಬತ್ತರ ಹತ್ತಿರ. ಆ ತುಪ್ಪದಲ್ಲೇ ಅಂಟು ಅರಳಬೇಕು, ಗೋಡಂಬಿ ಹೊರಳಬೇಕು. ಈ ಲೆಕ್ಕ ಹೇಳಿದೆ ಅಂತ ಮನೆಯಲ್ಲಿ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು. ಒಳ್ಳೆಯ ಉಪಾಯ. ಕಣ್ಣಿಗೆ ಬೀಳದ್ದನ್ನು ಕೈ ಹುಡುಕುವುದು ಕಡಿಮೆ. ಏಣಿ ಹಾಕಿ ಹತ್ತುವಷ್ಟು ಆಸೆ ನನಗಿಲ್ಲ. ಹಸಿವಾದರೆ ಮೊದಲು ಸೌತೆಕಾಯಿ, ಮಜ್ಜಿಗೆ. ರಾತ್ರಿ ಕಡಕ್ ರೊಟ್ಟಿ ಎಣಿಸಿಯೇ ತಾಟಿಗೆ ಬರುತ್ತದೆ, ಬುಟ್ಟಿ ಅಡುಗೆಮನೆ ದಾಟುವುದಿಲ್ಲ. ಪ್ಯಾಂಟಿನ ಗುಂಡಿ ಈಗ ಸ್ವಲ್ಪ ಮಾತು ಕೇಳುತ್ತಿದೆ.

ಆದರೆ ಭಾನುವಾರ ಗೋಕಾಕದ ಬೀಗರು ಬರುವವರಿದ್ದಾರೆ. ಕರದಂಟು ಅಂದರೆ ತಮ್ಮೂರಿನದೇ, ಅಮೀನಗಡದ್ದು ಅದರ ಮುಂದೆ ಏನೂ ಅಲ್ಲ ಎನ್ನುವ ಜನ. ಬರಿಗೈಲಿ ಅಂತೂ ಬರುವುದಿಲ್ಲ. ನಮ್ಮ ಜಿಲ್ಲೆಯ ಮರ್ಯಾದೆಯ ಪ್ರಶ್ನೆ ಇದು. ಎರಡನ್ನೂ ಒಟ್ಟಿಗೆ ತಿಂದು ನೋಡದೆ ಇಂಥ ವ್ಯಾಜ್ಯ ತೀರುವಂಥದ್ದಲ್ಲ. ಏಣಿ ಯಾರ ಮನೆಯಲ್ಲಿದೆ ಅಂತ ಈಗಲೇ ವಿಚಾರಿಸಿಟ್ಟಿದ್ದೇನೆ.